ಬೆಟ್ಟದೊಳಗಿನ ಮೂವತ್ತನೇ ಲೆವೆಲ್

ನಮ್ಮ ಊರಿನಲ್ಲಿ ಆಳವನ್ನು ಯಾರೂ ಅಡಿಗಳಲ್ಲಿ ಹೇಳುತ್ತಿರಲಿಲ್ಲ, ಲೆವೆಲ್‌ಗಳಲ್ಲಿ ಹೇಳುತ್ತಿದ್ದರು. ನಮ್ಮ ಚಿನ್ನದ ಗಣಿಯ ಬಾವಿಯಲ್ಲಿ ಸುಮಾರು ನೂರು ಅಡಿಗೊಂದರಂತೆ ಅಡ್ಡದಾರಿ. ಮೇಲಿನಿಂದ ಎಣಿಸುತ್ತ ಹೋದರೆ ಹತ್ತನೇ ಲೆವೆಲ್, ಐವತ್ತನೇ ಲೆವೆಲ್, ಅದಕ್ಕೂ ಕೆಳಗೆ. ಹೆಣ್ಣು ಕೊಡುವವರು ಹುಡುಗನ ಸಂಬಳಕ್ಕಿಂತ ಮೊದಲು ಅವನ ಲೆವೆಲ್ ಕೇಳುತ್ತಿದ್ದರು. ನೆಲದ ಮೇಲಿನ ಕೆಲಸಕ್ಕೆ ಸರ್ಫೇಸು ಎಂದು ಹೆಸರು. ಸರ್ಫೇಸಿನವನು ಸಂಜೆ ಮನೆಗೆ ಬರುವುದು ಖಾತ್ರಿ. ಒಳಗೆ ಇಳಿಯುವವನ ವಿಷಯದಲ್ಲಿ ಖಾತ್ರಿ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ.

ನಾನು ಸರ್ಫೇಸಿನವನು. ಉರಿಗಾಂನಲ್ಲಿ ನೆಲದ ಕಂಪನವನ್ನು ದಾಖಲಿಸುವ ಒಂದು ಕೋಣೆಯಿತ್ತು. ಅಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದೆ. ಬೆಳಗ್ಗೆ ಆರಕ್ಕೆ ಕಂಪನ ಗೀಚುವ ಯಂತ್ರದ ಡ್ರಮ್ಮಿನ ಮೇಲಿನ ಕಾಗದ ಬದಲಿಸುವುದು, ಗಡಿಯಾರ ಸರಿಯಿದೆಯೇ ನೋಡುವುದು, ಹಿಂದಿನ ದಿನದ ಗೆರೆಯಲ್ಲಿ ಎದ್ದ ಪ್ರತಿಯೊಂದು ಗೀಚನ್ನೂ ಗಂಟೆ, ನಿಮಿಷ, ಸೆಕೆಂಡಿನ ಸಮೇತ ಪುಸ್ತಕಕ್ಕೆ ಇಳಿಸುವುದು. ಆಳದ ಕಲ್ಲು ಒತ್ತಡ ತಾಳದೆ ತಾನಾಗಿ ಸಿಡಿಯುವುದಕ್ಕೆ ಬರ್ಸ್ಟ್ ಎನ್ನುತ್ತಿದ್ದೆವು. ಸಣ್ಣದಾದರೆ ಲೋಟದ ನೀರು ಅಲುಗುತ್ತಿತ್ತು. ದೊಡ್ಡದಾದರೆ ಮೇಲಿನ ಮನೆಗಳ ಗೋಡೆ ಸೀಳುತ್ತಿತ್ತು. ಎಲ್ಲವನ್ನೂ ಬರೆದೆ. ಇಳಿಸಬೇಕಾದ್ದನ್ನು ಅಂದೇ ಇಳಿಸಬೇಕು, ಮರುದಿನಕ್ಕೆ ಇಟ್ಟುಕೊಳ್ಳಬಾರದು ಎನ್ನುವುದು ಆ ಕೋಣೆಯ ಕಟ್ಟಳೆ. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ನನ್ನ ಮನೆಯಲ್ಲಿ ಅದೇ ನಡೆಯುತ್ತದೆ. ಐದಕ್ಕೆ ಏಳುವುದು, ಐದೂವರೆಗೆ ನಡಿಗೆ, ಆರೂಮುಕ್ಕಾಲಿಗೆ ಕಾಫಿ.

ಆ ಕಾಫಿಯ ಹಾಲು ಬರುವುದು ನಂದಿದುರ್ಗ ಎಂಬ ಹಳೆಯ ಗಣಿಯ ಲೈನ್‌ಮನೆಗಳಿಂದ, ಎಂದರೆ ಕಾರ್ಮಿಕರ ಸಾಲುಮನೆಗಳಿಂದ. ಅಲ್ಲಿ ಒಬ್ಬಾಕೆ ಎರಡು ಹಸು ಕಟ್ಟಿದ್ದಾಳೆ. ಡೇರಿಗೆ ಹಾಲು ಹಾಕಿ, ಅರ್ಧ ಲೀಟರ್ ನಮಗೆಂದು ಮಿಗಿಸಿ ತರುತ್ತಾಳೆ. ಕಾಮಸಮುದ್ರದ ಕಡೆಯ ಹಳ್ಳಿಯ ಬೇಸಾಯದ ಮನೆಯ ಹೆಣ್ಣು, ಗಣಿಯವನಿಗೆ ಕೊಟ್ಟು ಇಲ್ಲಿಗೆ ಬಂದವಳು. ನನ್ನನ್ನು ಅಣ್ಣ ಎನ್ನುತ್ತಾಳೆ, ನಾನು ತಂಗಿ ಎನ್ನುತ್ತೇನೆ. ರಕ್ತಸಂಬಂಧವೇನೂ ಇಲ್ಲ. ಅವಳಿಗೆ ಒಬ್ಬಳೇ ಮಗಳು. ಭೂವಿಜ್ಞಾನ ಓದಿ, ಎರಡು ವರ್ಷದಿಂದ ಬಂಗಾರಪೇಟೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತ, ಎಲ್ಲೆಲ್ಲಿಗೋ ಅರ್ಜಿ ಹಾಕುತ್ತಿದ್ದವಳು.

ಒಂದು ಬೆಳಗ್ಗೆ ತಂಗಿ ಹಾಲಿನ ಕ್ಯಾನನ್ನು ನಮ್ಮ ಜಗಲಿಯ ಮೇಲೆ ಠಣ್ ಎಂದು ಇಟ್ಟಳು.

"ಅಣ್ಣಾ, ಪಾಪಗೆ ಕೆಲ್ಸ ಆಯ್ತು!"

"ಎಲ್ಲಿ?"

"ಇಮಾಲಯದ ತಾವ. ಬೆಟ್ಟ ಕೊರ್ದು ರೈಲು ಬಿಡ್ತಾರಂತೆ. ಅದ್ರಾಗೆ ಕಲ್ಲು ನೋಡೋ ಕೆಲ್ಸ."

ನನ್ನ ಮುಖ ಹೇಗಾಯಿತೋ, ಅವಳು ನಕ್ಕುಬಿಟ್ಟಳು.

"ಎದುರ್ಕೋಬೇಡ ಕಣಣ್ಣ. ನಾನೂ ಎದುರ್ಕೊಂಡಿದ್ದೆ. ಬಾವಿ ಐತಾ ಅಂತ ಕೇಳ್ದೆ, ಇಲ್ಲ ಅಂದ್ಲು. ಕೇಜ್ ಐತಾ ಅಂದೆ, ಇಲ್ಲ ಅಂದ್ಲು. ನಮ್ಮ್ ಬಾಕ್ಲು ದಾಟ್ದಂಗೆ ನಡ್ಕೊಂಡು ಓಗೋದು, ನಡ್ಕೊಂಡು ಬರೋದು. ಲಾರಿನೇ ಒಳೀಕೆ ಓಗುತ್ತಂತೆ. ಸರ್ಫೇಸ್ ಕೆಲ್ಸ ಕಣಣ್ಣ! ಅವ್ರಪ್ಪನ್ ತರ ಇಳ್ಯಂಗಿಲ್ಲ."

ನನ್ನ ಹೆಂಡತಿ ಒಳಗಿನಿಂದ ಸಕ್ಕರೆ ತಂದು ಅವಳ ಬಾಯಿಗೆ ಹಾಕಿದಳು. ನನಗೂ ಸಮಾಧಾನವಾಯಿತು. ಬಾವಿಯಿಲ್ಲದ ಮೇಲೆ ಆಳವೆಲ್ಲಿ ಬಂತು? ನೇರ ಹೇಳಬೇಕೆಂದರೆ, ಇಪ್ಪತ್ತೆಂಟು ವರ್ಷ ಕಲ್ಲಿನ ಸಿಡಿತವನ್ನೇ ಬರೆದ ನಾನು ಎರಡು ದಿನ ಹಾಗೆಯೇ ನಂಬಿಕೊಂಡಿದ್ದೆ. ಈ ತಪ್ಪು ನಮ್ಮೂರಿನವರು ಮಾತ್ರ ಮಾಡುವಂಥದು. ಅಪಾಯವೆಂದರೆ ಕೆಳಗೆ ಇಳಿಯುವುದು, ಹಗ್ಗಕ್ಕೆ ನೇತುಬಿದ್ದ ಕೇಜಿನಲ್ಲಿ ಕಿವಿ ಗುಂಯ್‌ಗುಡುತ್ತ ಇಳಿಯುವುದು. ಬಿಸಿಲಿನಿಂದ ನೇರವಾಗಿ ನಡೆದು ಹೋಗುವ ದಾರಿಯನ್ನು ನಮ್ಮ ಮನಸ್ಸು ಆಳವೆಂದು ಎಣಿಸುವುದೇ ಇಲ್ಲ.

ಮೂರನೆಯ ದಿನ ಮಗಳು ಬಂದಳು. ನನ್ನನ್ನು ಮಾವ ಎನ್ನುತ್ತಾಳೆ. ನಾನು ಸಂತೋಷವಾಯಿತೆಂದು ಹೇಳಿದೆ. ಸರ್ಫೇಸ್ ಕೆಲಸ ಸಿಕ್ಕಿದ್ದು ಅಮ್ಮನ ಪುಣ್ಯ ಎಂದೂ ಸೇರಿಸಿದೆ. ಅವಳು ನನ್ನನ್ನೇ ನೋಡಿದಳು.

"ಮಾವ, ನೀವೂನಾ?"

"ಯಾಕಮ್ಮ?"

"ಸುರಂಗ ಸಮಕ್ಕೇ ಓಗುತ್ತೆ, ನಿಜ. ಮೇಲೆ ಎಷ್ಟು ಬೆಟ್ಟ ಕೂತಿದೆ ಅಂತ ಕೇಳ್ಬೇಕಲ್ವಾ?"

ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿ ಇಟ್ಟೆ. ನಿಜ. ಬೆಟ್ಟದ ಬುಡದಲ್ಲಿ ಒಳಹೊಕ್ಕು ನಡುವಿಗೆ ತಲುಪಿದರೆ, ನೆತ್ತಿಯ ಮೇಲಿರುವುದು ಇಡೀ ಬೆಟ್ಟದ ಭಾರ. ಕಲ್ಲಿಗೆ ಬಾವಿಯ ಲೆಕ್ಕ ಗೊತ್ತಿಲ್ಲ, ಭಾರದ ಲೆಕ್ಕ ಮಾತ್ರ ಗೊತ್ತು.

"ಎಷ್ಟಿದೆ?" ಎಂದೆ.

"ಜಾಸ್ತಿ ಇರೋ ಕಡೆ ಒಂದು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ."

ಮನಸ್ಸಿನಲ್ಲೇ ನೂರಡಿಯಿಂದ ಭಾಗಿಸಿದೆ. ಮೂವತ್ತನೇ ಲೆವೆಲ್.

"ಅದೊಂದೇ ಅಲ್ಲ ಮಾವ. ಲಟ್ಟಣಿಗೆ ಐತಾ? ಒಂದು ಜಮಖಾನ ಕೊಡಿ."

ಹೆಂಡತಿ ಲಟ್ಟಣಿಗೆಯನ್ನೂ ಹಳೆಯ ಜಮಖಾನವನ್ನೂ ತಂದು ಕೊಟ್ಟು, "ಚಪಾತಿ ಮಾಡ್ತೀಯೇನೇ ನೆಲದ ಮ್ಯಾಲೆ?" ಎಂದು ಅಲ್ಲೇ ಕುಳಿತಳು. ಹುಡುಗಿ ಜಮಖಾನವನ್ನು ಸಿಮೆಂಟು ನೆಲದ ಮೇಲೆ ಹಾಸಿ, ಅದರ ಒಂದು ಅಂಚನ್ನು ಗೋಡೆಗೆ ತಾಗಿಸಿ, ಇನ್ನೊಂದು ಅಂಚನ್ನು ಎರಡೂ ಕೈಯಿಂದ ಗೋಡೆಯ ಕಡೆಗೆ ನೂಕಿದಳು. ಬಟ್ಟೆ ಮಡಿಕೆ ಮಡಿಕೆಯಾಗಿ ಎದ್ದಿತು, ಗೋಡೆಗೆ ಸಮನಾಗಿ, ನೇರ ಸಾಲುಗಳಲ್ಲಿ. "ಇದು ಹಿಮಾಲಯ" ಎಂದಳು. ಮತ್ತೆ ಬಿಡಿಸಿ ಹಾಸಿ, ಈ ಸಲ ಲಟ್ಟಣಿಗೆಯನ್ನು ಕೆಳಗೆ ಓರೆಯಾಗಿ ಇಟ್ಟು ನೂಕಿದಳು. ಮಡಿಕೆಗಳು ಲಟ್ಟಣಿಗೆಯ ತನಕ ನೇರವಾಗಿ ಬಂದು, ಅಲ್ಲಿ ಬಾಗಿ, ಒಂದು ಮುರಿದು ಪಕ್ಕಕ್ಕೆ ಸರಿದು, ಆಚೆ ಬೇರೆಯೇ ಸಾಲಾಗಿ ಎದ್ದವು. ಒಂದು ಪಕ್ಕದ ಬಟ್ಟೆ ಸರಕ್ಕನೆ ಜಾರಿ ಲಟ್ಟಣಿಗೆಯ ಬಳಿ ನಿಂತಿತು. ಇನ್ನೊಂದು ಪಕ್ಕ ಕದಲಲೇ ಇಲ್ಲ.

"ನಮ್ಮ ಕಾಲ ಕೆಳಗಿರೋ ಈ ಹಳೇ ಬಂಡೆ ಇದೆಯಲ್ಲ ಮಾವ, ಇಂಥದೇ ಬಂಡೆ ಉತ್ತರಕ್ಕೆ ಹೋಗ್ತಾ ಹೋಗ್ತಾ ಗಂಗೆ ಬಯಲಿನ ಮಣ್ಣಿನ ಕೆಳಗೆ ಇಳಿದು, ಹಿಮಾಲಯದ ಅಡಿಗೇ ನುಗ್ತಾ ಇದೆ. ಅದಕ್ಕೆ ತಳಬಂಡೆ ಅಂತೀವಿ. ಬೆಟ್ಟ ಹುಟ್ಟೋಕೆ ಎಷ್ಟೋ ಕಾಲ ಮುಂಚೆನೇ ಅದರಲ್ಲಿ ಕಲ್ಲು ಸೀಳಿ ಸರಿದ ಫಾಲ್ಟುಗಳಿದ್ವು, ದಿಣ್ಣೆಗಳಿದ್ವು. ಅವನ್ನೆಲ್ಲ ಹೊತ್ಕೊಂಡೇ ಕೆಳಗೆ ಹೋಗಿದೆ. ಮೇಲಿನ ಬೆಟ್ಟ ಎಲ್ಲಿ ಬಾಗ್ಬೇಕು, ಎಲ್ಲಿ ಮುರೀಬೇಕು ಅನ್ನೋದರಲ್ಲಿ ಈ ಹಳೇ ಗಾಯಗಳದ್ದೂ ಪಾಲಿದೆ. ದೊಡ್ಡ ಭೂಕಂಪ ಓಡಿಬಂದು ಇಂಥ ಕಡೆ ನಿಲ್ಲಬಹುದು. ಇಲ್ಲಿಂದಾನೇ ಶುರುವಾಗಲೂಬಹುದು. ಎಲ್ಲಿ ಯಾವುದು ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ."

"ಬಟ್ಟೆ ಅಲ್ಲ, ಲಟ್ಟಣಿಗೆ ಚಲಿಸಬೇಕಲ್ಲ ನಿಜವಾಗಿ?" ಎಂದೆ.

"ಹೌದು. ಇದು ತೋರಿಸೋಕೆ ಅಷ್ಟೆ" ಎಂದು ನಕ್ಕಳು. "ನಿಮ್ಮ ಹತ್ರ ಯಾವ್ದೂ ನಡ್ಯಲ್ಲ."

ನನಗೆ ನಮ್ಮ ಗಣಿಯ ನೆನಪಾಯಿತು. ಅಲ್ಲಿಯೂ ಉತ್ತರದ ಕಡೆ ಒಂದು ಹಳೆಯ ಫಾಲ್ಟ್ ಇತ್ತು. ಅದಿರು ತೆಗೆಯುತ್ತ ಅದರ ಹತ್ತಿರಕ್ಕೆ ಬಂದಂತೆ ನನ್ನ ಕಾಗದದ ಮೇಲೆ ಗೀಚುಗಳು ಹೆಚ್ಚುತ್ತಿದ್ದವು. ಎಷ್ಟೋ ಯುಗಗಳಿಂದ ಸುಮ್ಮನಿದ್ದ ಬಿರುಕು, ಪಕ್ಕದಲ್ಲಿ ಜಾಗ ಸಿಕ್ಕಿದ ಕೂಡಲೇ ಮೈ ಮುರಿಯುತ್ತಿತ್ತು. ಅಷ್ಟು ದೊಡ್ಡ ಬೆಟ್ಟದ ಸಾಲಿಗೂ ನಮ್ಮ ಬಾವಿಗೂ ಒಂದೇ ರೀತಿಯ ಸ್ವಭಾವವೆಂದು ಅವತ್ತು ತಿಳಿಯಿತು.

"ನಿಮ್ಮ ಸುರಂಗ ಇಂಥದರ ಮೇಲೆ ಹೋಗುತ್ತದೆಯೆ?"

"ಇರಬಹುದು ಅಂತ ಅನುಮಾನ. ಕಲ್ಲು ಅಲ್ಲಿ ತುಂಬ ಪುಡಿಯಾಗಿದೆ. ಅದಕ್ಕೇ ನನ್ನಂಥವ್ರು ಬೇಕಾಗಿರೋದು." ಜಮಖಾನ ಮಡಿಸುತ್ತ, ನನ್ನನ್ನು ನೋಡದೆ, ಅವಳು ಬಂದ ಕೆಲಸ ಹೇಳಿದಳು. "ಅಮ್ಮಂಗೆ ಹೇಳ್ಬೇಡಿ ಮಾವ. ಅಮ್ಮ ಬಾವಿ ಐತಾ ಅಂದ್ಲು, ಇಲ್ಲ ಅಂದೆ. ಸುಳ್ಳಲ್ಲವಲ್ಲ. ಗೊತ್ತಾದ್ರೆ ಬಿಡಲ್ಲ. ಈ ಕೆಲ್ಸ ಹೋದ್ರೆ ನಂಗೆ ಇನ್ನೊಂದು ಸಿಗಲ್ಲ."

"ಕೇಳಿದರೆ ಸುಳ್ಳು ಹೇಳುವುದಿಲ್ಲ."

"ಕೇಳಲ್ಲ ಬಿಡಿ. ಏನು ಕೇಳ್ಬೇಕು ಅಂತ ಗೊತ್ತಿದ್ರೆ ತಾನೆ?"

ಅವಳು ಹೋದ ಮೇಲೆ ಹೆಂಡತಿ, "ಆ ಎಣ್ಣು ಎರಡು ವರ್ಷದಿಂದ ಆ ಬಸ್ಸು ಈ ರೈಲು ಅಂತ ಅಲೀತೈತೆ. ನಿಮ್ಮ ಬಾಯಿ ನಿಮ್ಮ ಕೈಲಿರ್ಲಿ" ಎಂದಳು.

ನಾನು ಬಾಯಿ ಮುಚ್ಚಿಕೊಂಡೆ. ತಂಗಿ ದಿನವೂ ಹಾಲು ತಂದಳು, ದಿನವೂ ಅಂದು ಯಾರ ಮನೆಗೆ ಸುದ್ದಿ ಮುಟ್ಟಿಸಿದಳೆಂದು ಹೇಳಿದಳು. ಲೈನಿನ ಎಲ್ಲ ಮನೆ ಮುಗಿಯಿತು, ಡೇರಿಯ ಸಾಲು ಮುಗಿಯಿತು, ಕಾಮಸಮುದ್ರದ ಬಸ್ಸು ಹತ್ತಿ ತವರಿಗೂ ಹೋಗಿ ಬಂದಳು. ಎಲ್ಲೆಡೆ ಅದೇ ಮಾತು. ಬಾವಿ ಇಲ್ಲ, ಕೇಜ್ ಇಲ್ಲ, ಸರ್ಫೇಸು. ನಾನು ಕ್ಯಾನಿನ ಕಡೆ ನೋಡುತ್ತ ಹೂಂ ಎನ್ನುತ್ತಿದ್ದೆ. ಕಾಫಿ ರುಚಿಸುತ್ತಿರಲಿಲ್ಲ.

ಅವಳು ನನ್ನನ್ನು ಅಣ್ಣ ಎಂದು ಕರೆಯಲು ಕಾರಣ ಇಲ್ಲಿ ಹೇಳಬೇಕು. ಗಣಿಯ ಕೊನೆಯ ವರ್ಷಗಳಲ್ಲಿ ಒಂದು ಬರ್ಸ್ಟ್‌ನಲ್ಲಿ ಅವಳ ಗಂಡ ಹೋದ. ಮಗುವಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಕೆಲವು ವಾರ ಕಳೆದು ಅವಳು ಮಗುವನ್ನು ಸೊಂಟಕ್ಕೆ ಇಟ್ಟುಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದಳು. ಎಷ್ಟೊತ್ತಿಗೆ ಆಯಿತೆಂದು ಅವಳಿಗೆ ತಿಳಿಯಬೇಕಿತ್ತು. ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಅವಳ ಮನಸ್ಸಿಗೆ ಹಿತವಾಗಲೆಂದೇ ಹೇಳಿದ್ದರು. ನಾನು ಪುಸ್ತಕ ತೆಗೆದು ಸಾಲಿನ ಮೇಲೆ ಬೆರಳಿಟ್ಟು ಓದಿದೆ. ಮಧ್ಯಾಹ್ನ ಎರಡು ಗಂಟೆ, ಹದಿನೇಳು ನಿಮಿಷ, ನಲವತ್ತು ಸೆಕೆಂಡು. ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, "ಆಗ ನಾನು ನಲ್ಲಿ ತಾವ ಬಟ್ಟೆ ಜಾಲಿಸ್ತಿದ್ದೆ. ಬಕೀಟು ಅಲುಗ್ತು. ಅದೇ ಅದು" ಎಂದಳು. ಇನ್ನೇನೂ ಕೇಳಲಿಲ್ಲ. ಮಾರನೆಯ ತಿಂಗಳಿನಿಂದ ಅಣ್ಣ ಎನ್ನತೊಡಗಿದಳು.

ಅಂಥವಳ ಎದುರು ಒಂಬತ್ತು ದಿನ ಸುಮ್ಮನಿದ್ದೆ. ಇಳಿಸಬೇಕಾದ ಸಾಲನ್ನು ಒಂಬತ್ತು ದಿನ ಬಾಕಿಯಿಟ್ಟದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ.

ಹತ್ತನೆಯ ಬೆಳಗ್ಗೆ ಅವಳು ಬಂದಾಗ ಕ್ಯಾನನ್ನು ಕೆಳಗೆ ಇಡಲಿಲ್ಲ. ಕೈಯಲ್ಲೇ ಹಿಡಿದು ನಿಂತಳು.

"ಅಣ್ಣ, ಪಾಪ ರಾತ್ರಿ ಫೋನಲ್ಲಿ ಆ ಜಾಗದ ಫೋಟೋ ತೋರಿಸಿದ್ಲು. ಚೆನ್ನಾಗೈತೆ. ಲಾರಿ ಐತೆ, ದೀಪ ಐತೆ. ಅಲ್ಲಿರೋ ಜನದ ತಲೆ ಮ್ಯಾಲೂ ದೀಪ ಐತೆ."

"ಹೂಂ."

"ಮ್ಯಾಲೆಲ್ಲ ಕಬ್ಣದ ಕಮಾನು. ಒಂದರ ಪಕ್ಕ ಒಂದು, ಕೈ ಆಡ್ಸಕೂ ಜಾಗ ಇಲ್ದಂಗೆ." ಅವಳ ಕಣ್ಣು ನನ್ನ ಮುಖದ ಮೇಲೇ ಇತ್ತು. "ಬೀಳೋದೇ ಇಲ್ಲ ಅಂದ್ರೆ ಅಷ್ಟೊಂದು ಆಸ್ರೆ ಯಾಕ್ ಕೊಡ್ತಾರೆ? ನಮ್ಮೋರು ಮರ ಕೊಡ್ತಿದ್ರಲ್ಲ ಒಳ್ಗೆ, ಅಂಗೆ?"

ನಾನು ಉತ್ತರಿಸುವಷ್ಟರಲ್ಲಿ ಅವಳೇ ಕೇಳಿದಳು.

"ಎಷ್ಟನೇ ಲೆವೆಲ್ ಕಣಣ್ಣ ಅದು?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಮೂವತ್ತು" ಎಂದೆ. "ಆಳವಿರುವ ಕಡೆ ಮೂವತ್ತನೇ ಲೆವೆಲ್‌ಗೆ ಸಮ. ಬಾವಿಯಿಲ್ಲ, ಆದರೆ ಮೇಲೆ ಬೆಟ್ಟವಿದೆ. ಕೆಳಗೆ ಹಳೆಯ ಫಾಲ್ಟ್ ಇರಬಹುದೆಂದು ಅನುಮಾನವೂ ಇದೆ."

"ನಿಂಗ್ ಯಾವಾಗಿಂದ ಗೊತ್ತು?"

"ಒಂಬತ್ತು ದಿನದಿಂದ."

ಅವಳು ಕ್ಯಾನಿನ ಮುಚ್ಚಳ ಸರಿಯಾಗಿ ಒತ್ತಿದಳು. "ಸರಿ ಬತ್ತೀನಿ" ಎಂದು ತಿರುಗಿ ನಡೆದಳು. ಹಾಲು ಹಾಕಿರಲಿಲ್ಲ.

ಮರುದಿನವೂ ಹಾಲು ಬರಲಿಲ್ಲ. ಅದರ ಮರುದಿನವೂ ಇಲ್ಲ. ಹೆಂಡತಿ ಲೋಟ ತಂದು ನನ್ನ ಮುಂದೆ ಕುಕ್ಕಿ, "ಕುಡೀರಿ, ನಿಮ್ಮ ನಿಜಾನ. ಕರೀ ಕಾಫಿ ಜೊತೆ ಚೆನ್ನಾಗಿರ್ತದೆ" ಎಂದಳು. ಹೇಳಿದ್ದು ತಪ್ಪೇ ಎಂದು ಕೇಳಿದೆ. "ಏಳಿದ್ದು ತಪ್ಪಲ್ಲ. ಮೊದಲ್ನೇ ದಿನಾನೇ ಏಳಿದ್ರೆ ಅವ್ಳು ಊರೆಲ್ಲ ಸಕ್ಕರೆ ಅಂಚ್ಕೊಂಡು ಬತ್ತಿರಲಿಲ್ಲ" ಎಂದಳು. ಬಾಯಿ ಮುಚ್ಚಿಸಿದವಳೂ ಅವಳೇ ಎಂದು ನೆನಪಿಸುವ ಧೈರ್ಯ ನನಗಾಗಲಿಲ್ಲ.

ಮೂರನೆಯ ದಿನ ನಡಿಗೆ ಮುಗಿಸಿ ಉರಿಗಾಂ ನಿಲ್ದಾಣದ ಬಳಿ ಬರುವಾಗ ಹುಡುಗಿ ಸಿಕ್ಕಳು. ಬಂಗಾರಪೇಟೆಯ ಗಾಡಿಗೆ ಕಾಯುತ್ತಿದ್ದಳು. ಕಣ್ಣು ಊದಿಕೊಂಡಿತ್ತು.

"ಒಂಬತ್ತು ದಿನ ಸುಮ್ನಿದ್ರಲ್ಲ ಮಾವ. ಇನ್ನೊಂದು ಆರು ದಿನ ಆಗ್ಲಿಲ್ವಾ? ನಾನು ಗಾಡಿ ಹತ್ತಿಬಿಟ್ಟಿರ್ತಿದ್ದೆ."

"ಒಂಬತ್ತು ದಿನ ಸುಮ್ಮನಿದ್ದದ್ದೇ ಹೆಚ್ಚಾಯಿತು ಕಣಮ್ಮ."

"ನಿಮ್ಗೇನು, ನೀವು ಬರೆದು ಪುಸ್ತಕ ಮುಚ್ಚಿಡ್ತೀರ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಮೆತ್ತಗಾದಳು. "ಅಮ್ಮ ಬೈದಿದ್ರೆ ಚೆನ್ನಾಗಿತ್ತು. ಬೈತಿಲ್ಲ, ಅಳ್ತಿಲ್ಲ. ಹಸು ತೊಳೀತಿದಾಳೆ. ದಿನಕ್ಕೆ ನಾಕ್ ಸಾರಿ. ಪಾಪ ಅವೂ ನಡುಗ್ತಾ ನಿಂತಿರ್ತವೆ."

ಇಬ್ಬರಿಗೂ ನಗು ಬಂತು. ನಗಬಾರದಾಗಿತ್ತು, ಆದರೂ ನಕ್ಕೆವು. ಗಾಡಿ ಬಂತು, ಅವಳು ಹತ್ತಿ ಹೋದಳು.

ಅದೇ ಸಂಜೆ ಐದಕ್ಕೆ ತಂಗಿಯಿಂದ ಕರೆ ಬಂತು. ಬರಬೇಕಂತೆ. ನಾನು ನಂದಿದುರ್ಗದ ಲೈನಿಗೆ ಹೋದಾಗ ಅವಳು ಮನೆಯ ಮುಂದೆ ಸಿಮೆಂಟಿನ ಮೇಲೆ ಒಂದು ಗೋಣಿತಾಟು ಹಾಸಿದ್ದಳು. ಮಗಳು ಗೋಡೆಗೆ ಒರಗಿ ನಿಂತಿದ್ದಳು. ನನಗೊಂದು ಸ್ಟೂಲು ಇಟ್ಟಿತ್ತು.

"ನಿಮ್ಮ ಮಾವಂಗೆ ತೋರಿಸಿದ್ಯಂತಲ್ಲ, ನಂಗೂ ತೋರ್ಸು" ಎಂದಳು ಮಗಳಿಗೆ. "ಓದ್ದೋರಿಗೆ ಮಾತ್ರಾನಾ ಅದು?"

ಹುಡುಗಿ ಹಸುವಿನ ಗೂಟವನ್ನೇ ಗೋಣಿಯ ಕೆಳಗಿಟ್ಟು ನೂಕಿ ತೋರಿಸಿದಳು. ತಂಗಿ ಕುಕ್ಕುರುಗಾಲಿನಲ್ಲಿ ಕುಳಿತು ನೋಡಿದಳು. ಇನ್ನೊಂದು ಸಲ ಎಂದಳು. ಮೂರನೆಯ ಸಲ ತಾನೇ ನೂಕಿದಳು. ಗೋಣಿ ಗೂಟದ ಬಳಿ ಬಾಗಿ ಮುರಿದು ನಿಂತಿತು. ಅವಳು ಆ ಮಡಿಕೆಯ ಮೇಲೆ ಅಂಗೈ ಇಟ್ಟಳು.

"ನಮ್ಮ ಕಲ್ಲೇ ಅಲ್ಲೀಗಂಟ ಓಗೈತಾ?"

"ಇಂಥದೇ ಅಮ್ಮ."

"ಅಂಗಾದ್ರೆ ನಿಮ್ಮಪ್ಪನ್ ಮ್ಯಾಲೆ ಬಿತ್ತಲ್ಲ, ಅದೂ ಇದೂ ಒಂದೇನಾ?"

ಹುಡುಗಿ ತಡೆದು ಹೇಳಿದಳು. "ಒಂದೇ ಅಲ್ಲ. ಒಂದೇ ಮನೆತನದ್ದು ಅನ್ಕೋ."

ತಂಗಿ ತಲೆಯಾಡಿಸಿದಳು. ಆಮೇಲೆ ಕೇಳಿದ್ದು ಒಬ್ಬ ಗಣಿಯವನ ಹೆಂಡತಿ ಮಾತ್ರ ಕೇಳಬಲ್ಲ ಪ್ರಶ್ನೆಗಳು. ಸಿಡಿಮದ್ದು ಹೊಡೆದ ಮೇಲೆ ಎಷ್ಟೊತ್ತಿಗೆ ಒಳಗೆ ಬಿಡುತ್ತಾರೆ? ಸಡಿಲ ಕಲ್ಲನ್ನು ಬಡಿದು ಬೀಳಿಸುವವರು ಯಾರು? ಹಿಂದೆ ಬೇರೆ ದಾರಿ ಇದೆಯೋ, ಬಂದದ್ದೇ ದಾರಿಯೋ? ಹುಡುಗಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಕೆಲವು ಉತ್ತರ ಚೆನ್ನಾಗಿರಲಿಲ್ಲ. ಅವನ್ನೂ ಹಾಗೆಯೇ ಹೇಳಿದಳು.

"ಸಡ್ಲ ಕಲ್ಲು ಬೀಳ್ಸಿದ್ಮೇಲೆ ಮೊದ್ಲು ಒಳೀಕ್ ಓಗೋರು ಯಾರು?"

"ನಾನು. ಹೊಸದಾಗಿ ತೆಗೆದ ಕಲ್ಲಿನ ಮುಖ ನೋಡಿ, ಎಲ್ಲೆಲ್ಲಿ ಬಿರುಕು ಇದೆ, ಯಾವ ಕಡೆ ಓರೆ ಇದೆ ಅಂತ ಬರೀಬೇಕು. ಮುಂದೆ ಫಾಲ್ಟ್ ಬರೋ ಹಂಗಿದ್ರೆ ಅದನ್ನೂ ಬರೀಬೇಕು."

"ಬರುತ್ತೆ ಅಂತ ಗೊತ್ತಾಗುತ್ತಾ?"

"ಕೆಲವು ಸಲ."

"ಗೊತ್ತಾಗ್ದಿದ್ರೆ?"

"ಗೊತ್ತಾಗ್ತಿಲ್ಲ ಅಂತ ಬರೀಬೇಕು."

"ನೀನ್ ಬರೆದ್ರೆ ಕೆಲ್ಸ ನಿಲ್ಲಿಸ್ತಾರಾ?"

"ನಿಲ್ಸೋದು ದೊಡ್ಡ ಇಂಜಿನಿಯರು. ನಾನು ಬರೀದಿದ್ರೆ ಅವ್ರಿಗೂ ಗೊತ್ತಾಗಲ್ಲ."

ಪಕ್ಕದ ಮನೆಯಿಂದ ಯಾರೋ ತಮಿಳಿನಲ್ಲಿ ಮಗುವನ್ನು ಗದರುತ್ತಿದ್ದರು. ಹಸುವೊಂದು ಬಾಲ ಬಡಿಯಿತು. ಅದರ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ತಂಗಿ ಗೂಟ ಎತ್ತಿ ಮೂಲೆಗಿಟ್ಟು, ಗೋಣಿ ಕೊಡವಿ, ಅದರ ಮೇಲೆಯೇ ಕುಳಿತಳು. ಇವಳು ಇಲ್ಲ ಎಂದರೆ ಹುಡುಗಿ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ತಾಯಿಯ ಕಣ್ಣು ತಪ್ಪಿಸಿ ಹೋಗುವವಳಾಗಿದ್ದರೆ ನನ್ನ ಬಳಿ ಬರುತ್ತಿರಲಿಲ್ಲ.

"ನಿಮ್ಮ ಮಾವ ಕಲ್ಲು ಸಿಡಿದ್ಮ್ಯಾಲೆ ಬರೀತಿದ್ರು" ಎಂದಳು ಕೊನೆಗೆ. "ಎಷ್ಟೊತ್ತಿಗೆ ಸಿಡೀತು ಅಂತ. ಅದೂ ಬೇಕಿತ್ತು, ನಂಗ್ ಬೇಕಿತ್ತು. ನೀನು ಮುಂಚೆ ಬರೀತೀಯ. ಅಷ್ಟೇ ತಾನೆ ವ್ಯತ್ಯಾಸ?"

"ಹೂಂ ಅಮ್ಮ."

"ಸಿಡಿಯೋಕ್ ಮುಂಚೆ ಬರೆಯೋರು ಅವತ್ತು ಒಳ್ಗೆ ಒಬ್ರಾದ್ರೂ ಇದ್ದಿದ್ರೆ..." ಎಂದು ಗೋಣಿಯ ನಾರು ಕಿತ್ತಳು. ಅವತ್ತು ಯಾರಿಗೂ ಮುಂಚೆ ತಿಳಿಯುವಂತಿರಲಿಲ್ಲ ಎಂದು ಹೇಳಬೇಕೆನಿಸಿತು. ಅದು ನಿಜವೂ ಹೌದು. ಆದರೆ ಅವಳು ನನ್ನನ್ನು ಕೇಳಿರಲಿಲ್ಲ.

"ಓಗು" ಎಂದಳು ಮಗಳಿಗೆ. "ಓಗಿ ನೋಡು. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತ್ಲೇ ಬರಿ. ಅವತ್ತಿಂದು ಅವತ್ತೇ ಬರಿ. ಇವ್ರ ತರ ಒಂಬತ್ತ್ ದಿನ ಒಳ್ಗೇ ಮಡೀಕೋಬೇಡ."

ನನ್ನ ಕಡೆ ಬೆರಳು ತೋರಿಸಿಯೇ ಹೇಳಿದಳು. ಹುಡುಗಿ ಅಲ್ಲೇ ನೆಲಕ್ಕೆ ಕುಸಿದು ತಾಯಿಯ ಮಡಿಲಿನಲ್ಲಿ ಮುಖ ಇಟ್ಟಳು. "ಎದ್ದೇಳೇ, ಸಗಣಿ ಐತೆ ಅಲ್ಲಿ" ಎಂದು ತಾಯಿ ಬೈದಳು. ಆದರೆ ಕೈ ಅವಳ ತಲೆಯ ಮೇಲೆಯೇ ಇತ್ತು. ನಾನು ಎದ್ದು ಬಂದೆ. ಯಾರೂ ಕೂತುಕೋ ಎನ್ನಲಿಲ್ಲ.

ಮರುದಿನ ಬೆಳಗ್ಗೆಯೂ ಹಾಲು ಬರದೆ, ನಾನೇ ಕೈಚೀಲದಲ್ಲಿ ಸಣ್ಣ ಪಾತ್ರೆ ಇಟ್ಟುಕೊಂಡು ಡೇರಿಗೆ ಹೋದೆ. ಆರು ಗಂಟೆ ಹತ್ತು ನಿಮಿಷ. ಹೆಂಗಸರ ಸಾಲು ಬಾಗಿಲಿನಿಂದ ರಸ್ತೆಯವರೆಗೆ ಬೆಳೆದಿತ್ತು. ತಂಗಿ ಕೊನೆಯಲ್ಲಿದ್ದಳು. ನಾನು ಪಕ್ಕದ ಕಂಬದ ಬಳಿ ನಿಂತೆ. ಅವಳು ನನ್ನನ್ನು ನೋಡಿದಳು, ನೋಡದ ಹಾಗೆ ಇದ್ದಳು.

ಅವಳ ಮುಂದಿದ್ದ ಗಟ್ಟಿ ಬಾಯಿಯ ಹೆಂಗಸು ತಿರುಗಿ, "ಏನಕ್ಕಾ, ಮಗಳು ಓಗೋದು ಯಾವಾಗ? ಸರ್ಫೇಸ್ ಆಫೀಸರಮ್ಮ!" ಎಂದಳು.

"ನಾಡಿದ್ದು" ಎಂದಳು ತಂಗಿ. ಗಂಟಲು ಸರಿಮಾಡಿಕೊಂಡು, ಇಡೀ ಸಾಲಿಗೆ ಕೇಳುವಂತೆ ಹೇಳಿದಳು. "ಸರ್ಫೇಸ್ ಅಲ್ಲ ಕಣಮ್ಮ. ನಾನು ತಪ್ಪು ಯೋಳಿದ್ದೆ. ಮ್ಯಾಲೆ ಬೆಟ್ಟ ಐತೆ. ಮೂವತ್ತನೇ ಲೆವೆಲ್."

"ಅಬ್ಬೋ! ನೀನೇ ತಾನೆ ಬಾವಿ ಇಲ್ಲ, ಕೇಜ್ ಇಲ್ಲ ಅಂತ ಮನೆಮನೇಗೂ ಸಾರ್ದೋಳು?"

"ನಾನೇ. ಅದ್ಕೇ ನಾನೇ ಯೋಳ್ತಿದೀನಿ. ನಿನ್ನೆ ಸಂಜೆ ನಮ್ಮ್ ಲೈನಿಗೆ ಯೋಳಾಯ್ತು. ಇವತ್ತು ಇಲ್ಲಿ. ಮಧ್ಯಾಹ್ನದ ಬಸ್ಸಿಗೆ ಊರಿಗೆ ಓಗಿ ಅಲ್ಲೂ ಯೋಳ್ಬೇಕು."

"ಗೊತ್ತಿದ್ದೂ ಕಳಿಸ್ತೀಯಾ? ಎಣ್ಣು ಮಗೀನ?"

"ಗೊತ್ತಾದ್ಮೇಲೇ ಕಳಿಸ್ತಿರೋದು" ಎಂದಳು ತಂಗಿ.

ಗಟ್ಟಿ ಬಾಯಿಯವಳು ಇನ್ನೇನೋ ಹೇಳಲು ಹೊರಟು, ಬೇರೆ ಯಾರೂ ನಗದಿದ್ದುದರಿಂದ ಸುಮ್ಮನಾದಳು. ಆ ಸಾಲಿನಲ್ಲಿ ಗಂಡನನ್ನೋ ಅಪ್ಪನನ್ನೋ ಕೆಳಗೆ ಕಳಿಸಿ ಕಾದು ಕೂತ ಹೆಂಗಸರು ಇನ್ನೂ ಏಳೆಂಟು ಜನ ಇದ್ದರು.

ಸಾಲಿನ ಮುಂದೆ, ಇನ್ನೇನು ಸರದಿ ಬರಲಿದ್ದ ಒಬ್ಬ ಮುದುಕಿ ಇದ್ದಳು. ತಮಿಳಿನವಳು, ಹಳೆಯ ಗಣಿಯವನೊಬ್ಬನ ವಿಧವೆ, ಬೆನ್ನು ಬಾಗಿದವಳು. ಮೊದಲು ಲೈನಿನ ನಲ್ಲಿಗಳಲ್ಲಿ ಒಂದು ರೂಢಿ ಇತ್ತು. ಮನೆಯವನು ಆಳದ ಲೆವೆಲ್‌ನಲ್ಲಿ ಪಾಳಿಯಲ್ಲಿದ್ದರೆ ಆ ಮನೆಯ ಹೆಂಗಸಿನ ಕೊಡಕ್ಕೆ ಮೊದಲ ಜಾಗ. ಅವನು ಮೇಲೆ ಬರುವ ಹೊತ್ತಿಗೆ ಹಂಡೆಯಲ್ಲಿ ಬಿಸಿನೀರು ಇರಬೇಕು. ಎಷ್ಟೇ ಜಗಳಗಂಟಿಯರಿದ್ದರೂ ಆ ಜಾಗಕ್ಕೆ ತಕರಾರು ತೆಗೆಯುತ್ತಿರಲಿಲ್ಲ. ಗಣಿ ಮುಚ್ಚಿದ ಮೇಲೆ ಆ ರೂಢಿಗೆ ಕೆಲಸವಿರಲಿಲ್ಲ, ಮರೆತೇ ಹೋಗಿತ್ತು.

ಮುದುಕಿ ತನ್ನ ಕ್ಯಾನನ್ನು ಎತ್ತಿ ಪಕ್ಕಕ್ಕೆ ಇಟ್ಟಳು.

"ಮುನ್ನಾಡಿ ವಾ ಮ್ಮಾ" ಎಂದು ಕೈ ಬೀಸಿ ತಂಗಿಯನ್ನು ಮುಂದಕ್ಕೆ ಕರೆದಳು.

ತಂಗಿ ಅಲ್ಲೇ ನಿಂತಳು. "ಬೇಡ ಪಾಟಿ, ನನ್ನ್ ಸರದಿ ಬರ್ಲಿ" ಎಂದಳು.

"ವಾ" ಎಂದಳು ಮುದುಕಿ ಮತ್ತೆ, ಸ್ವಲ್ಪ ಜೋರಾಗಿ.

ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದರು. ಗಟ್ಟಿ ಬಾಯಿಯವಳೂ ಸರಿದಳು. ತಂಗಿ ಸೆರಗು ಸಿಕ್ಕಿಸಿಕೊಂಡು, ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸದೆ, ಅವರ ನಡುವೆ ನಡೆದು ಮುಂದಕ್ಕೆ ಹೋದಳು.